ಮಳೆಗೆ ಜಾಲಿಮುಳ್ಳೇ ಸರಿ

ಮಳೆ ಬರುವಾಗ ಯಾವ ಹಾಡು ಕೇಳಿದರೆ ಚೆನ್ನ ಎಂದು ಯಾರಾದರೂ ನನ್ನನ್ನು ಕೇಳಿದರೆ, ನಿಮ್ಮ ಮನೆಗೆ ಯಾವ ಸೂರು ಎಂದು ನಾನು ತಿರುಗಿ ಕೇಳುತ್ತೇನೆ. ಹೆಂಚಿನ ಮನೆಯ ಮಳೆ ಬೇರೆ, ತಾರಸಿ ಮನೆಯ ಮಳೆ ಬೇರೆ, ಶೀಟು ಹೊದಿಸಿದ ಮನೆಯ ಮಳೆಯಂತೂ ಬೇರೆಯೇ ಒಂದು ರಗಳೆ. ಇದೊಂದೂ ಗೊತ್ತಿಲ್ಲದೆ ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಕೂರುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. "ಶುರುವಾಯ್ತು ನೋಡು ಅಜ್ಜಿದು" ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ. ಈ ವಿದ್ಯೆ ನನಗೆ ಪುಕ್ಕಟೆ ಬಂದದ್ದಲ್ಲ, ಇದರ ಬಗ್ಗೆ ನನಗೆ ಜಂಬ ಇದೆ, ಇರಲೇಬೇಕು.

ಎಪ್ಪತ್ತರ ದಶಕದಲ್ಲಿ ನಾವು ರಾಜಾಜಿನಗರದಲ್ಲಿ ಬಾಡಿಗೆಗಿದ್ದೆವು. ಹಿಂದಿನ ಎರಡು ಕೋಣೆಗಳಿಗೆ ತಾರಸಿ ಇತ್ತು. ಬೀದಿಗೆ ಹತ್ತಿಕೊಂಡಿದ್ದ ಮುಂದಿನ ಕೋಣೆಯನ್ನು ಮನೆಯ ಓನರ್ ಆಮೇಲೆ ಸೇರಿಸಿದ್ದರಿಂದ ಅದಕ್ಕೆ ಬರೀ ಶೀಟು. ಬಂದವರನ್ನು ಕೂರಿಸುವುದೂ ಅಲ್ಲೇ, ತಂಗಿ ಓದುವುದೂ ಅಲ್ಲೇ, ಅಪ್ಪ ಭಾನುವಾರ ಪೇಪರ್ ಹಿಡಿದು ತೂಕಡಿಸುವುದೂ ಅಲ್ಲೇ. ಮಳೆಗಾಲದಲ್ಲಿ ಮಧ್ಯಾಹ್ನ ಕಳೆಯುತ್ತಿದ್ದಂತೆ ಮಾಗಡಿ ರಸ್ತೆಯ ಕಡೆಯಿಂದ ಮೋಡ ಕಟ್ಟಿಕೊಂಡು ಬರುತ್ತಿತ್ತು. ನಾಲ್ಕು ಹನಿ ಬಿದ್ದವೋ ಇಲ್ಲವೋ, ಕರೆಂಟು ಹೋಗುತ್ತಿತ್ತು. ರೇಡಿಯೋ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಆಗ ಹೊರಬರುತ್ತಿದ್ದುದು ನಮ್ಮ ತಾತನ ಕೀಲಿ ಪೆಟ್ಟಿಗೆ, ಅಂದರೆ ಕೈಯಿಂದ ಕೀಲಿ ತಿರುಗಿಸಿ ಓಡಿಸುವ ಹಳೆಯ ಗ್ರಾಮಾಫೋನು. ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ತಾತ ಒಳ್ಳೆಯ ಕಾಲದಲ್ಲಿ ಕೊಂಡದ್ದು. ತಾತನೂ ವ್ಯಾಪಾರವೂ ಮುಗಿದ ಮೇಲೆ ಪೆಟ್ಟಿಗೆ ನಮ್ಮ ಜೊತೆ ಬೆಂಗಳೂರಿಗೆ ಬಂತು. ಅದಕ್ಕೆ ಕರೆಂಟಿನ ಹಂಗಿರಲಿಲ್ಲ.

ಅದನ್ನು ಮುಟ್ಟುವ ಹಕ್ಕು ಮನೆಯಲ್ಲಿ ನನಗೊಬ್ಬಳಿಗೇ ಇತ್ತು. ಹಕ್ಕು ಎಂದರೆ ಯಾರೂ ಕೊಟ್ಟದ್ದಲ್ಲ, ನಾನೇ ತೆಗೆದುಕೊಂಡದ್ದು. ಯಾಕೆ ಅಂತ ಹೇಳಬೇಕಾದರೆ ನನ್ನ ದನಿಯ ವಿಷಯ ಹೇಳಬೇಕು.

ನನ್ನದು ಹುಟ್ಟಾ ಒಡಕು ದನಿ. ದಪ್ಪ, ಸ್ವಲ್ಪ ಗೊಗ್ಗರು. ರೇಷನ್ ಅಂಗಡಿಯ ಸಾಲಿನಲ್ಲಿ ಹಿಂದಿನಿಂದ ನಾನು ಮಾತಾಡಿದರೆ, ಅಂಗಡಿಯವರು ತಲೆ ಎತ್ತದೆ "ಇರಪ್ಪ, ಬರ್ತೀನಿ" ಎನ್ನುತ್ತಿದ್ದರು. ನನಗೆ ಅದರಿಂದ ಏನೂ ಅನಿಸುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಂಗಡಿಯವರಿಗಿಂತ ಹೆಚ್ಚು ನೋಯಿಸುತ್ತಿದ್ದವರು ಅಪ್ಪ. ಅಪ್ಪ ಹತ್ತಿರದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಯಾರಿಗೂ ಗದರಿದವರಲ್ಲ, ನನ್ನ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದವರು. ಆದರೂ ಮನೆಗೆ ಯಾರಾದರೂ ಬಂದರೆ ಮೆಲ್ಲಗೆ ನನ್ನ ಹತ್ತಿರ ಬಂದು, "ಬಂದೋರ ಮುಂದೆ ಜಾಸ್ತಿ ಮಾತು ಬೇಡ ಕಣಮ್ಮ" ಎನ್ನುತ್ತಿದ್ದರು. ಪಕ್ಕದ ಮನೆಯ ಆಂಟಿ ಕೇಳದಿದ್ದರೂ, "ಅವಳಿಗೆ ಚಿಕ್ಕಂದಿನಲ್ಲಿ ನಾಯಿಕೆಮ್ಮು ಆಗಿತ್ತು, ಅದಕ್ಕೇ ಹಾಗೆ" ಎಂದು ಕಾರಣ ಕೊಡುತ್ತಿದ್ದರು. ನನಗೆ ಯಾವ ನಾಯಿಕೆಮ್ಮೂ ಆಗಿರಲಿಲ್ಲ. ಅಪ್ಪನಿಗೆ ನನ್ನ ದನಿಯೆಂದರೆ ನಾಚಿಕೆ, ಅಷ್ಟೇ.

ತಂಗಿಗೆ ಸಂಗೀತ ಹೇಳಿಕೊಡಲು ವಾರಕ್ಕೆರಡು ಸಲ ಮೇಷ್ಟ್ರು ಬರುತ್ತಿದ್ದರು. ನನ್ನನ್ನೂ ಒಮ್ಮೆ ಕೂರಿಸಿ ಒಂದು ಸ್ವರ ಹಿಡಿಸಿ ನೋಡಿದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದು, "ನೀನು ಕೂತ್ಕೊಂಡು ಕೇಳಮ್ಮ" ಎಂದರು. ಬಯ್ದದ್ದೋ ಹೊಗಳಿದ್ದೋ ತಿಳಿಯಲಿಲ್ಲ. ಹೇಳಿದ ಮಾತನ್ನು ಹಾಗೇ ಪಾಲಿಸುವವಳು ನಾನು, ಕೂತು ಕೇಳಿದೆ. ತಂಗಿ ಎಲ್ಲಿ ಜಾರಿದಳು, ಮೇಷ್ಟ್ರು ಎಲ್ಲಿ ನಿಂತರು, ಯಾವ ರಾಗ ಯಾವ ಹೊತ್ತಿಗೆ ಕುದುರುತ್ತದೆ, ಎಲ್ಲ ಕೇಳಿಯೇ ಕಲಿತೆ. ಕೊನೆಕೊನೆಗೆ ತಂಗಿ ತಪ್ಪಿದಾಗ ಮೇಷ್ಟ್ರು ಅವಳನ್ನು ನೋಡುವುದಕ್ಕೆ ಮೊದಲು ನನ್ನ ಮುಖ ನೋಡುತ್ತಿದ್ದರು.

ಅಷ್ಟರಲ್ಲಿ ನನಗೆ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೆಲಸವೂ ಸಿಕ್ಕಿತ್ತು, ಸಣ್ಣ ತಾಮ್ರದ ತಂತಿಯನ್ನು ಸುತ್ತಿ ಕಾಯಿಲ್ ಮಾಡುವುದು. ಸಂಬಳ ಬಂದ ಮೊದಲ ಭಾನುವಾರ ಚಿಕ್ಕಪೇಟೆಯ ಹಿಂದಿನ ಗುಜರಿ ಅಂಗಡಿಗಳಿಗೆ ಹೋಗುತ್ತಿದ್ದೆ. ಜನ ಹಳೆಯ ಗ್ರಾಮಾಫೋನ್ ಪ್ಲೇಟುಗಳನ್ನು ಗೋಣಿಚೀಲದಲ್ಲಿ ತಂದು ಸುರಿದು ಹೋಗುತ್ತಿದ್ದ ಕಾಲ ಅದು. ನಾನು ನೆಲದ ಮೇಲೆ ಕೂತು ಒಂದೊಂದನ್ನೇ ಬೆಳಕಿಗೆ ಹಿಡಿದು, ಗೆರೆ ನೋಡಿ ಆರಿಸುತ್ತಿದ್ದೆ.

ಪ್ಲೇಟೇನೋ ಸಿಗುತ್ತಿತ್ತು, ಸೂಜಿಗೆ ಬರ ಬಂತು. ಆ ಪೆಟ್ಟಿಗೆಗೆ ಉಕ್ಕಿನ ಸೂಜಿ ಬೇಕು, ಪ್ರತಿ ಪ್ಲೇಟಿಗೂ ಹೊಸದು. ಕೀಲಿ ಪೆಟ್ಟಿಗೆಯ ಕಾಲವೇ ಮುಗಿದಿದ್ದರಿಂದ ಅಂಗಡಿಗಳಲ್ಲಿ ಸೂಜಿಯ ಡಬ್ಬಿ ಅಪರೂಪವಾಗಿಬಿಟ್ಟಿತ್ತು. ಆಗ ಅಮ್ಮ, ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಸೂಜಿ ಸಿಗದೆ ಜಾಲಿಮುಳ್ಳು ಹಾಕಿ ನುಡಿಸುತ್ತಿದ್ದುದನ್ನು ನೆನಪಿಸಿಕೊಂಡಳು. ವಿಜಯನಗರದ ಆಚೆಗೆ ಆಗಿನ್ನೂ ಹೊಲಗಳು, ಬೇಲಿಯ ತುಂಬ ಜಾಲಿ. ನಾನೂ ತಂಗಿಯೂ ಹೋಗಿ ಸೆರಗಿನ ತುಂಬ ಮುಳ್ಳು ಮುರಿದುಕೊಂಡು ಬಂದೆವು. ಬಿಸಿಲಿಗೆ ಒಣಗಿಸಿ, ಬ್ಲೇಡಿನಲ್ಲಿ ಅಳತೆಗೆ ಕತ್ತರಿಸಿ, ತುದಿಯನ್ನು ಮರಗೆಲಸದವರ ಮರಳುಕಾಗದದ ಮೇಲೆ ಹೊರಳಿಸಿ ಚೂಪು ಮಾಡಿ, ತಂಡಿ ಹಿಡಿಯದಂತೆ ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟೆ. ಅನ್ನದಲ್ಲಿ ಮುಳ್ಳು ಸಿಕ್ಕಿತೆಂದು ಅಪ್ಪ ಒಮ್ಮೆ ಊಟ ಬಿಟ್ಟು ಎದ್ದಿದ್ದೂ ಉಂಟು.

ಉಕ್ಕಿನ ಸೂಜಿಯಲ್ಲಿ ಕಿರುಚುತ್ತಿದ್ದ ಪ್ಲೇಟುಗಳು ಮುಳ್ಳಿನಲ್ಲಿ ಮಾತಾಡತೊಡಗಿದವು. ಕರಕರ ಕಡಿಮೆಯಾಯಿತು. ದನಿ ಸಣ್ಣದಾಯಿತು, ಆದರೆ ಮೆತ್ತಗಾಯಿತು, ಹತ್ತಿರವಾಯಿತು. ಮಳೆಗಾಲದ ಹೊತ್ತಿಗೆ ನನಗೊಂದು ಗುಟ್ಟು ತಿಳಿದುಹೋಗಿತ್ತು. ಶೀಟಿನ ಮೇಲೆ ಬೀಳುವ ಮಳೆಯ ಜೊತೆ ಪೈಪೋಟಿಗೆ ಇಳಿಯಬಾರದು. ಗಟ್ಟಿಯಾಗಿ ಹಾಕಿದರೆ ಮಳೆಯೂ ಕೂಗುತ್ತದೆ, ಹಾಡೂ ಕೂಗುತ್ತದೆ, ಅದರ ಮೇಲೆ ಮನುಷ್ಯರು ಕೂಗುತ್ತಾರೆ. ಮೆಲ್ಲಗೆ ಹಾಕಿದರೆ ಜನ ತಾವಾಗಿಯೇ ಬಾಯಿ ಮುಚ್ಚಿ ಮುಂದಕ್ಕೆ ಬಾಗುತ್ತಾರೆ. ತೆಳ್ಳಗಿನ ಮೇಲಿನ ದನಿಗಳು ಆ ಸದ್ದಿನಲ್ಲಿ ಕೊಚ್ಚಿಹೋಗುತ್ತವೆ. ಕೆಳಗಿನ ಸ್ವರದಲ್ಲಿ ಆತುರವಿಲ್ಲದೆ ಹಾಡುವ ದಪ್ಪ ದನಿ ಮಾತ್ರ ಮಳೆಯ ಅಡಿಯಲ್ಲಿ ನುಸುಳಿಕೊಂಡು ಬಂದು ಕಿವಿ ಸೇರುತ್ತದೆ.

ಇನ್ನು ಮಳೆ ಬಂದ ಕೂಡಲೇ ಮಳೆಯ ರಾಗ ಹಾಕು ಎನ್ನುವವರಿದ್ದಾರೆ. ಅವರ ಮೇಲೆ ನನಗೆ ಬೇರೆಯೇ ಸಿಟ್ಟು. ಹೊರಗೆ ಮಳೆಯೇ ಸುರಿಯುತ್ತಿರುವಾಗ ಮಳೆಯನ್ನು ಕರೆಯುವ ರಾಗವೇಕೆ? ಊಟಕ್ಕೆ ಬಂದು ಕೂತವರನ್ನು ಊಟಕ್ಕೆ ಬನ್ನಿ ಎಂದು ಕರೆದ ಹಾಗೆ.

ಹೀಗಿರುವಾಗ ನಮ್ಮ ಸೋದರಮಾವ ನನಗೊಂದು ಗಂಡು ಗೊತ್ತುಮಾಡಿಕೊಂಡು ಬಂದರು. ಹಾವೇರಿಯ ಕಡೆಯ ಮನೆತನ, ಹುಡುಗ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ, ಬೆಂಗಳೂರಿಗೆ ವರ್ಗವಾಗುವುದರಲ್ಲಿತ್ತು. ಮಾವ ಖುಷಿಯಿಂದ ತೊಡೆ ತಟ್ಟಿಕೊಂಡು ಹೇಳಿದರು, "ಹುಡುಗನ ತಾಯಿಗೆ ಸಂಗೀತ ಅಂದ್ರೆ ಪ್ರಾಣ. ನಮ್ಮ ಹುಡುಗಿ ಚೆನ್ನಾಗಿ ಹಾಡ್ತಾಳೆ ಅಂದ್ಬಿಟ್ಟಿದೀನಿ."

ಅಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಅಯ್ಯೋ ಅಣ್ಣ, ಹಾಡೋಳು ಚಿಕ್ಕವಳು ಕಣೋ!"

"ಗೊತ್ತಿಲ್ವಾ ನಂಗೆ? ನೋಡೋಕ್ಕೆ ಬಂದ ದಿನ ನೆಗಡಿ ಅಂದ್ರಾಯ್ತು. ಒಮ್ಮೆ ತಾಳಿ ಕಟ್ಟಿದ್ಮೇಲೆ ಯಾರು ಹಾಡು ಕೇಳ್ತಾರೆ? ಭಾವ, ನೀವೇನಂತೀರಿ?"

ಅಪ್ಪ ನನ್ನ ಕಡೆ ನೋಡಲಿಲ್ಲ. "ನೀವು ಹೇಗೆ ಹೇಳ್ತೀರೋ ಹಾಗೆ" ಎಂದರು. ಅಂದು ನನಗೆ ಆದ ಸಂಕಟ ಇಷ್ಟಿಷ್ಟಲ್ಲ. ಮದುವೆ ಆಗುತ್ತದೋ ಬಿಡುತ್ತದೋ ಎಂಬುದು ನನಗೆ ದೊಡ್ಡದಾಗಿರಲಿಲ್ಲ. ಒಂದು ಮನೆಗೆ ಹೋಗಿ ಜೀವಮಾನವಿಡೀ ನೆಗಡಿಯವಳಾಗಿ ಇರಬೇಕೇ? ನನ್ನ ಅಪ್ಪನೇ ಅದಕ್ಕೆ ಹೂಂ ಅಂದರಲ್ಲ ಎಂದು ಒಳಗೊಳಗೇ ಕುದಿದೆ.

ಅವರು ಬಂದ ಮಧ್ಯಾಹ್ನ ಮಳೆಯೂ ಬಂತು. ಹುಡುಗ, ಅವನ ತಾಯಿ, ಜೊತೆಗೆ ನಮ್ಮ ಮಾವ. ಆ ತಾಯಿಯ ಹಣೆಗೆ ವಿಭೂತಿ, ತಲೆಯ ಮೇಲೆ ಸೆರಗು, ಕೂತ ಭಂಗಿಯಲ್ಲೇ ಒಂದು ಗತ್ತು. ಕೇಸರಿಬಾತು ಉಪ್ಪಿಟ್ಟು ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು, ಶೀಟು ದಡದಡ ಎನ್ನತೊಡಗಿತು. ಹೊರಡುವ ಹಾಗಿಲ್ಲ, ಕೂತು ಮಾತಾಡೋಣವೆಂದರೆ ಮಾತು ಕೇಳಿಸುವುದಿಲ್ಲ. ಮಳೆ ತುಸು ತಗ್ಗಿದಾಗ ಆ ತಾಯಿ ನನ್ನ ಕಡೆ ತಿರುಗಿದರು.

"ಛಲೋ ಹಾಡ್ತಿ ಅಂತ ಕೇಳೀನಿ. ಒಂದು ವಚನಾ ಹಾಡವಾ ತಂಗಿ, ಕೇಳೂಣು."

ಮಾವ ತಯಾರಾಗಿಯೇ ಇದ್ದರು. "ಎಂಥಾ ಕೆಲಸ ಆಯ್ತು ನೋಡಿ, ಈ ಹವಾಕ್ಕೆ ಅವಳಿಗೆ ನಿನ್ನೆಯಿಂದ ನೆಗಡಿ. ಗಂಟಲು ಪೂರ್ತಿ ಕಟ್ಟಿದೆ."

ಎಲ್ಲರೂ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿ ಒಮ್ಮೆ ಕೆಮ್ಮಿದ್ದರೆ ಸಾಕಿತ್ತು. ಅಪ್ಪ ಮೊಣಕಾಲಿನ ಮೇಲೆ ಎರಡೂ ಕೈ ಒತ್ತಿ ಹಿಡಿದು ಕೂತಿದ್ದರು.

"ನೆಗಡಿ ಏನೂ ಇಲ್ಲ ಮಾವ" ಎಂದೆ. "ನನ್ನ ದನಿ ಇರೋದೇ ಹೀಗೆ. ನನಗೆ ಹಾಡೋಕ್ಕೆ ಬರಲ್ಲಮ್ಮ. ಹಾಡೋದು ನನ್ನ ತಂಗಿ."

ಮಾವನ ಮುಖ ಕಪ್ಪಿಟ್ಟಿತು. ಒಳಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಆ ತಾಯಿ ಮಾತ್ರ ನನ್ನನ್ನೇ ದಿಟ್ಟಿಸಿ, "ಮತ್ತ ನಿನಗೇನ್ ಬರ್ತೈತಿ?" ಎಂದು ಕೇಳಿದರು.

"ಕೇಳೋಕ್ಕೆ ಬರುತ್ತೆ."

ಅವರಿಗೆ ನಗು ಬಂತು. "ಕೇಳಾಕೇನ್ ಬರೂದವಾ? ಎರಡು ಕಿವಿ ಇದ್ರ ಆತು."

"ಹಾಗಲ್ಲಮ್ಮ. ಈ ಮಳೆಗೆ ಯಾವುದು ಸರಿಹೋಗುತ್ತೆ ಅಂತ ಆರಿಸಿ ಹಾಕ್ತೀನಿ. ಕೇಳಿ, ಆಮೇಲೆ ಹೇಳಿ."

ನಾನು ಪೆಟ್ಟಿಗೆ ತಂದಿಟ್ಟು ಮುಚ್ಚಳ ತೆಗೆಯುವಷ್ಟರಲ್ಲಿ ಮಳೆ ಮತ್ತೆ ಜೋರಾಯಿತು. ಮಾನ ಉಳಿಸಿಕೊಳ್ಳುವ ಅವಸರದಲ್ಲಿ ಮಾವ ನನ್ನನ್ನು ಪಕ್ಕಕ್ಕೆ ಸರಿಸಿದರು. "ಮಳೆ ಬರ್ತಿದೆ, ಮಳೆ ರಾಗದ್ದೇ ಆಗ್ಬೇಕು. ಗಟ್ಟಿಯಾಗಿರೋದು ಹಾಕೋಣ" ಎಂದು ತಾವೇ ಒಂದು ಪ್ಲೇಟು ಹುಡುಕಿ, ಉಳಿದಿದ್ದ ಉಕ್ಕಿನ ಸೂಜಿಯೊಂದನ್ನು ಸಿಕ್ಕಿಸಿ ಬಿಟ್ಟರು. ಮೇಲೆ ಶೀಟು, ಕೆಳಗೆ ಸೂಜಿ. ಹಾಡುವವರು ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ಪಾತ್ರೆ ಉಜ್ಜಿದ ಹಾಗಾಯಿತು. "ಹೇಗಿದೆ?" ಎಂದು ಮಾವ ಕೂಗಿದರು. "ಏನಂದ್ರಿ?" ಎಂದು ಹುಡುಗ ಕೂಗಿದ. ಆ ತಾಯಿ ಎರಡೂ ಕಿವಿಯ ಮೇಲೆ ಸೆರಗು ಎಳೆದುಕೊಂಡರು.

ನಾನು ಎದ್ದು ಹೋಗಿ ಪ್ಲೇಟು ನಿಲ್ಲಿಸಿದೆ. ಉಕ್ಕಿನ ಸೂಜಿ ತೆಗೆದು, ಅಡುಗೆಮನೆಯಿಂದ ಅಕ್ಕಿಯ ಡಬ್ಬಿ ತಂದು, ಒಂದು ಮುಳ್ಳನ್ನು ಹೆಕ್ಕಿ ತುದಿ ನೋಡಿ ಸಿಕ್ಕಿಸಿದೆ. ಅಮ್ಮನ ಹಳೆಯ ಹತ್ತಿ ಸೀರೆಯ ತುಂಡೊಂದನ್ನು ಸುತ್ತಿ, ದನಿ ಹೊರಬರುವ ಬಾಯಿಗೆ ತುರುಕಿದೆ.

"ಏನೇ ಮಾಡ್ತಿದೀಯ? ಮೊದಲೇ ಕೇಳಿಸ್ತಿಲ್ಲ!" ಎಂದರು ಮಾವ.

"ಸುಮ್ನಿದ್ರೆ ಕೇಳಿಸುತ್ತೆ ಮಾವ."

ಪ್ಲೇಟು ಆರಿಸಲು ನಾನು ಯೋಚಿಸಬೇಕಾಗಲಿಲ್ಲ. ನನ್ನ ಹತ್ತಿರ ಒಂದು ಪ್ಲೇಟಿತ್ತು. ಅದರ ನಡುವಿನ ಹೆಸರಿನ ಕಾಗದ ಕಿತ್ತುಹೋಗಿದ್ದರಿಂದ ಹಾಡಿದಾಕೆ ಯಾರೆಂದು ನನಗೆ ಕೊನೆಗೂ ತಿಳಿಯಲಿಲ್ಲ. ಗುಜರಿ ಅಂಗಡಿಯಲ್ಲಿ ಅದನ್ನು ಯಾರೂ ಮುಟ್ಟದೆ ಬಿಟ್ಟಿದ್ದರು. ಮೊದಲ ಸಲ ಹಾಕಿದ ದಿನ ನಾನು ಅತ್ತುಬಿಟ್ಟಿದ್ದೆ. ಆ ಹೆಂಗಸಿನದೂ ದಪ್ಪ ದನಿ, ಒಡಕು ದನಿ. ಆಕೆ ಅದನ್ನು ಮುಚ್ಚಿಡದೆ, ತೆಳ್ಳಗೆ ಮಾಡಲು ಹೋಗದೆ, ಇದ್ದುದನ್ನು ಇದ್ದ ಹಾಗೇ ಇಟ್ಟು ಹಾಡಿದ್ದಳು. ಸಂಜೆಗೆ ಮುಂಚಿನ ರಾಗ, ಆತುರವೇ ಇಲ್ಲದ ನಡೆ.

ಕೀಲಿ ತಿರುಗಿಸಿ, ಮುಳ್ಳನ್ನು ಮೆಲ್ಲಗೆ ಇಳಿಸಿದೆ. ಮೊದಲಿಗೆ ಏನೂ ಕೇಳಿಸಲಿಲ್ಲ. ಮಾವ ಬಾಯಿ ತೆರೆದರು, ಆ ತಾಯಿ ಕೈ ಎತ್ತಿ ತಡೆದರು. ಆಮೇಲೆ ಆ ದನಿ ಮಳೆಯ ಕೆಳಗಿಂದ ಬಂತು. ಆ ತಾಯಿ ಸೆರಗು ಸರಿಸಿ ಕಿವಿ ಬಿಟ್ಟುಕೊಂಡರು, ಮುಂದಕ್ಕೆ ಬಾಗಿದರು, ಸ್ವಲ್ಪ ಹೊತ್ತಿಗೆ ಕುರ್ಚಿ ಬಿಟ್ಟು ಇಳಿದು ಪೆಟ್ಟಿಗೆಯ ಪಕ್ಕ ಚಾಪೆಯ ಮೇಲೇ ಕೂತರು. ಅಪ್ಪ ಮೊಣಕಾಲಿನ ಮೇಲಿದ್ದ ಕೈ ಸಡಿಲಿಸಿದರು. ನಾನು ಎಷ್ಟೋ ಮಳೆಗೆ ಪ್ಲೇಟು ಹಾಕಿದವಳು, ಆದರೆ ಆ ದಿನ ಆ ಕೋಣೆಯಲ್ಲಿ ಮಳೆಯೂ ಹಾಡೂ ಹೊಂದಿಕೊಂಡ ಹಾಗೆ ಮತ್ತೆಂದೂ ಹೊಂದಿಕೊಂಡಿದ್ದಿಲ್ಲ. ನನ್ನ ಕೈಯಾರೆ ಆದದ್ದು ಅದು. ಈಗಲೂ ನೆನೆದರೆ ಎದೆ ಉಬ್ಬುತ್ತದೆ.

ಅಷ್ಟರಲ್ಲಿ ಹುಡುಗ ಮಾವನ ಕಡೆ ವಾಲಿ, "ವಿಜಯನಗರದ ಕಡೆ ಸೈಟಿನ ರೇಟು ಈಗ ಹೆಂಗೈತ್ರಿ?" ಎಂದ. ಮಾವನಿಗೆ ಸೈಟು ಎಂದರೆ ಸಾಕು. ಇಬ್ಬರೂ ತಲೆಗೆ ತಲೆ ತಾಗಿಸಿ ಕೂತರು. ತಾಯಿ ಕಣ್ಣಲ್ಲೇ ಗದರಿದರು. ಅವನು ದನಿ ತಗ್ಗಿಸಿದ, ಮಾತು ನಿಲ್ಲಿಸಲಿಲ್ಲ. ಮೂಲೆ ಸೈಟು ಒಳ್ಳೆಯದೋ, ಪೂರ್ವ ದಿಕ್ಕಿನದು ಒಳ್ಳೆಯದೋ, ನೀರು ಎಲ್ಲಿಯವರೆಗೆ ಬಂದಿದೆ. ನಾನು ಪ್ಲೇಟು ತಿರುಗಿಸಿ ಹೊಸ ಮುಳ್ಳು ಹಾಕಿದೆ. ಎರಡನೆಯ ಬದಿ ಮುಗಿಯುವವರೆಗೂ ಚರಂಡಿಯ ವಿಷಯ ನಡೆದಿತ್ತು.

ಪ್ಲೇಟು ನಿಂತಾಗ ಆ ತಾಯಿ ಕಣ್ಣೊರೆಸಿಕೊಂಡರು. "ಭೀಮಪಲಾಸ" ಎಂದು ರಾಗದ ಹೆಸರು ಹೇಳಿದರು. "ನಮ್ಮವ್ವ ಹಿಂಗ ಹಾಡತಿದ್ಲು. ಆಕಿದೂ ದಪ್ಪ ದನಿ. ನಿನ್ನ ದನಿ ಕೇಳಿದ ಕೂಡ್ಲೆ ನಂಗ ಆಕೀದ ನೆನಪಾತು ನೋಡು." ನನ್ನ ಕೈ ಹಿಡಿದುಕೊಂಡು, ಅಪ್ಪನ ಕಡೆ ತಿರುಗಿದರು. "ನಮಗ ಒಪ್ಪಿಗಿ ಐತ್ರಿ. ಇಂಥಾಕಿ ನಮ್ಮನಿಗೆ ಬೇಕು." ಹುಡುಗ, "ಅವ್ವ ಹೇಳಿದಂಗ" ಎಂದ.

ಮಾವ ಹಾರಿ ಎದ್ದರು. "ನಾನು ಹೇಳಿಲ್ವಾ! ಇನ್ನೇನು, ಎಲೆ ಅಡಿಕೆ ತರಿಸಿ."

"ಹುಡುಗೀನ ಒಂದು ಮಾತು ಕೇಳ್ರಿ" ಎಂದರು ಆ ತಾಯಿ.

"ಅವಳನ್ನೇನ್ ಕೇಳೋದು? ನಾವು ಹೇಳ್ದಂಗೆ ಅವಳು."

"ಇಲ್ಲ ಭಾವ" ಎಂದರು ಅಪ್ಪ. ಮಾವನ ಮಾತಿಗೆ ಅಪ್ಪ ಅಡ್ಡ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. "ಅವಳೇ ಹೇಳ್ಲಿ. ಹೇಳಮ್ಮ."

ಮಳೆ ನಿಂತುಹೋಗಿತ್ತು. ಬೀದಿಯಲ್ಲಿ ಸದ್ದಿರಲಿಲ್ಲ. ಆ ತಾಯಿಯ ಕೈ ಇನ್ನೂ ನನ್ನ ಕೈಯಲ್ಲಿತ್ತು, ಬಿಸಿಯಾಗಿತ್ತು. ಅವರೊಬ್ಬರಿಗಾಗಿ ಹೂಂ ಎಂದುಬಿಡಲೇ ಅನಿಸಿತು. ಬಾಯಿಯ ತುದಿಗೂ ಬಂತು. ಆದರೆ ಮುಂದಿನ ಮಳೆಗಾಲಗಳೆಲ್ಲ ಕಣ್ಣ ಮುಂದೆ ಬಂದವು. ನಾನು ಪ್ಲೇಟು ಹಾಕುವುದು, ಪಕ್ಕದಲ್ಲಿ ಚರಂಡಿಯ ಮಾತು.

"ಅಮ್ಮ, ನಿಮ್ಮ ಜೊತೆ ಬಾ ಅಂದ್ರೆ ಈಗಲೇ ಎದ್ದು ಬರ್ತೀನಿ" ಎಂದೆ. ದನಿ ತಗ್ಗಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. "ಆದ್ರೆ ದಿನಾ ಪಕ್ಕದಲ್ಲಿ ಕೂರೋದು ಅವರು. ನನಗೆ ಹಾಡೋಕ್ಕೆ ಬರಲ್ಲ, ಅದನ್ನ ಹೇಳ್ಬಿಟ್ಟೆ. ಅವರಿಗೆ ಕೇಳೋಕ್ಕೆ ಬರಲ್ಲ, ಅದನ್ನ ಈಗ ನೋಡ್ದೆ. ಈ ಮದುವೆ ಬೇಡಮ್ಮ."

ಮಾವ ಧೊಪ್ಪನೆ ಕೂತರು. ಹುಡುಗ ನನ್ನ ಮುಖವನ್ನು ಆಗಲೇ ಸರಿಯಾಗಿ ನೋಡಿದ್ದು ಎನಿಸುತ್ತದೆ. ಕೆಟ್ಟವನಲ್ಲ ಪಾಪ, ಕಿವಿ ಕೆಂಪಗಾಗಿತ್ತು. ಆ ತಾಯಿ ಮಗನ ಕಡೆ ತಿರುಗಿ, "ಇದನ್ನರ ಕೇಳಿಸ್ಕೊಂಡ್ಯೋ ಇಲ್ಲೋ?" ಎಂದರು. ಹೊರಡುವಾಗ ನನ್ನ ಗಲ್ಲ ಸವರಿದರು.

ಅವರನ್ನು ಬಸ್ ಸ್ಟಾಪಿನವರೆಗೆ ಬಿಡಲು ಅಪ್ಪ ಹೋದರು. ಮಾವ ನಮ್ಮ ಮನೆಯ ನೀರೂ ಕುಡಿಯುವುದಿಲ್ಲವೆಂದು ಹೇಳಿ ಅವರ ಹಿಂದೆಯೇ ಹೋದರು. ಅಮ್ಮ ಒಲೆಯ ಮುಂದೆ ಕೂತು ಅಳುತ್ತಿದ್ದಳು. ನಾನು ಕಿಟಕಿಯ ಹತ್ತಿರ ನಿಂತು ಅಪ್ಪನ ದಾರಿ ಕಾಯುತ್ತಿದ್ದೆ. ಬಯ್ಗುಳಕ್ಕೆ ಹೆದರಿರಲಿಲ್ಲ. ಅಪ್ಪ ಬಯ್ಯುವವರಲ್ಲ, ಮಾತೇ ಆಡದೆ ಇದ್ದುಬಿಟ್ಟರೆ ಎಂದು ಹೆದರಿದ್ದೆ.

ಅಪ್ಪ ಪಂಚೆ ಎತ್ತಿಕಟ್ಟಿಕೊಂಡು ಕೆಸರಲ್ಲಿ ನಡೆದು ಬಂದರು. ಗೇಟಿನ ಹತ್ತಿರ ಪಕ್ಕದ ಮನೆಯ ಆಂಟಿ ಕಾಯುತ್ತಲೇ ನಿಂತಿದ್ದರು.

"ಏನ್ರೀ ಇದು, ನಿಮ್ಮ ಮಗಳ ದನಿ ನಮ್ಮನೆ ಹಿತ್ತಲವರೆಗೂ ಕೇಳಿಸ್ತು!"

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಅಪ್ಪ ನಿಂತರು. ತಲೆ ಎತ್ತಿ ಆಕೆಯನ್ನು ನೋಡಿದರು.

"ಕೇಳಿಸ್ಲೇಬೇಕಲ್ಲಮ್ಮ" ಎಂದರು. "ಅದು ನನ್ನ ಮಗಳ ದನಿ."